37ನೇ ಸೈಜಿನ ರೈಡಿಂಗ್ ಬೂಟಿಗೆ ಬೆಂಗಳೂರೆಲ್ಲಾ ಸುತ್ತಿದ್ದು

ಕೊನೆಗೂ ನನ್ನ ಕಾಲಿಗೆ ಆಗೋ ರೈಡಿಂಗ್ ಬೂಟು ಸಿಕ್ತು. ಬೇಸಿಗೇಲಿ ಶುರುವಾದ ಹುಡುಕಾಟ ಮುಗಿಯೋ ಹೊತ್ತಿಗೆ ಮಳೆಗಾಲ ಬಂದೇ ಬಿಟ್ಟಿತ್ತು. ನಂದು ಸಣ್ಣ ಪಾದ, ಯುಕೆ 4, ಇಯು ಅಂದ್ರೆ ಯುರೋಪಿನ ಲೆಕ್ಕದಲ್ಲಿ 37. ಅಂಗಡಿಗಳಲ್ಲಿ ಬೂಟುಗಳೆಲ್ಲಾ ಶುರುವಾಗೋದೇ 40, 41ರಿಂದ. ನನ್ನ ಥರ ಸಣ್ಣ ಪಾದ ಇರೋ ಹೆಂಗಸರು ತುಂಬಾ ಜನ ಈಗ ಬೈಕ್ ಓಡಿಸ್ತಾರೆ, ಗಂಡಸರಲ್ಲೂ ಇದಾರೆ, ಅವರೆಲ್ಲಾ ಇದೇ ಗಲ್ಲಿ ಗಲ್ಲಿ ಸುತ್ತೋದು ಬೇಡ ಅಂತ ಏನೇನಾಯ್ತು, ಎಷ್ಟು ದುಡ್ಡು ಹೋಯ್ತು, ಏನು ನೋಡ್ಬೇಕು ಅನ್ನೋದನ್ನ ಮರೆಯೋಕ್ ಮುಂಚೆ ಬರೀತಾ ಇದೀನಿ. ಸ್ವಲ್ಪ ಉದ್ದ ಇದೆ, ಪುರಸೊತ್ತು ಮಾಡ್ಕೊಂಡು ಓದಿ.

ಮೊದಲು ಯಾಕೆ ಅಂತ ಹೇಳ್ಬಿಡ್ತೀನಿ. ನಾನಿರೋದು ನಾಗರಬಾವಿ, ಕೆಲಸ ಯಲಹಂಕದ ಹತ್ರ ಒಂದು ಕಾಲೇಜಲ್ಲಿ, ದಿನಾ ರಾಯಲ್ ಎನ್‌ಫೀಲ್ಡ್ ಹಂಟರ್ 350 ಬೈಕಲ್ಲಿ ಓಡಾಟ. ನಮ್ಮ ಡಿಪಾರ್ಟ್‌ಮೆಂಟಲ್ಲೇ ಒಬ್ರು ಸರ್, ಮಾರ್ಚಲ್ಲಿ ಬಂತಲ್ಲ ಅಕಾಲದ ಮಳೆ, ಆವತ್ತು ನಾಯಂಡಹಳ್ಳಿ ಹತ್ರ ಸಿಗ್ನಲ್‌ಗೆ ಅಂತ ಬೈಕ್ ನಿಧಾನ ಮಾಡಿದಾರೆ, ರೋಡಲ್ಲಿ ಹರಡಿದ್ದ ಮಣ್ಣಿನ ಮೇಲೆ ಮುಂದಿನ ಚಕ್ರ ಜಾರಿದೆ, ಬೈಕ್ ಪಕ್ಕಕ್ಕೆ ಬಿದ್ದು ಕಾಲು ಅದರ ಅಡಿಗೆ ಸಿಕ್ಕಿಹಾಕ್ಕೊಂಡಿದೆ. ಸ್ಪೀಡು ಇರ್ಲೇ ಇಲ್ಲ, ಯಾರೂ ಗುದ್ದಲೂ ಇಲ್ಲ. ಆದ್ರೂ ಕಾಲಿನ ಹರಡಿನ (ಆಂಕಲ್) ಮೂಳೆ ಮುರಿದು ಒಳಗೆ ಪ್ಲೇಟು, ಸ್ಕ್ರೂ ಹಾಕಿದಾರೆ. ಮನೆಗೆ ನೋಡೋಕೆ ಹೋದಾಗ ಎಕ್ಸ್‌ರೇ ತೋರಿಸಿದ್ರು, ಆ ಸ್ಕ್ರೂಗಳು ಬಿಳಿಯಾಗಿ ಸಾಲಾಗಿ ಕಾಣ್ತಿದ್ವು, ನಂಗೆ ಅಲ್ಲೇ ಕಾಲು ಜುಂ ಅಂತು. “ಒಳ್ಳೆ ಹೆಲ್ಮೆಟ್ ಇತ್ತು ಮೇಡಂ, ಗ್ಲೌಸೂ ಹಾಕಿದ್ದೆ, ಕಾಲಿಗೆ ಮಾತ್ರ ಸ್ಯಾಂಡಲ್” ಅಂದ್ರು. ಹಂಟರ್ ತೂಕ 181 ಕೆಜಿ. ನಿಂತ ಜಾಗದಲ್ಲೇ ಅಷ್ಟು ತೂಕ ಕಾಲ ಮೇಲೆ ಬಿದ್ರೆ ಕ್ಯಾನ್ವಾಸ್ ಶೂ ಏನು ತಾನೇ ತಡೆಯತ್ತೆ. ಆವತ್ತು ಸಂಜೆ ಮನೆಗೆ ಬಂದವಳೇ ಬೂಟು ಹುಡುಕೋಕೆ ಕೂತೆ.

ಸ್ಟಾಫ್ ರೂಮಲ್ಲಿ ಒಬ್ರು “ಚಪ್ಪಲಿ ಹಾಕ್ಕೊಂಡು ಗಾಡಿ ಓಡಿಸಿದ್ರೆ ಫೈನ್ ಹಾಕ್ತಾರಂತೆ, ಅದಕ್ಕಾದ್ರೂ ಶೂ ತಗೊಳ್ಳಿ” ಅಂದ್ರು. ಇದು ವಾಟ್ಸಾಪಲ್ಲಿ ವರ್ಷಗಳಿಂದ ಓಡಾಡ್ತಾ ಇರೋ ಸುದ್ದಿ. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಾಗ, 2019ರ ಸೆಪ್ಟೆಂಬರಲ್ಲೇ, ಚಪ್ಪಲಿ, ಲುಂಗಿ, ಅರ್ಧ ತೋಳಿನ ಶರ್ಟು ಇದಕ್ಕೆಲ್ಲಾ ದಂಡ ಇಲ್ಲ, ಗಾಳಿಸುದ್ದಿ ನಂಬಬೇಡಿ ಅಂತ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿನೇ ಹೇಳಿತ್ತು. ಕಾಯ್ದೆಯ 129ನೇ ಸೆಕ್ಷನ್ ಹೇಳೋದು ತಲೆಗೆ ಹೆಲ್ಮೆಟ್ ಬಗ್ಗೆ, ಅದಕ್ಕೆ ಐಎಸ್‌ಐ ಮಾರ್ಕ್ ನೋಡಿ ತಗೋತೀವಿ. ಕಾಲಿನ ವಿಷಯಕ್ಕೆ ಯಾರೂ ನಮ್ಮನ್ನ ಹಿಡಿದು ನಿಲ್ಲಿಸಲ್ಲ, ನಾವೇ ತಲೆ ಕೆಡಿಸ್ಕೋಬೇಕು. ಅಂಗಡಿಯೋರು ಏನು ಹೇಳಿದ್ರೂ ನಂಬಬೇಕಾದ ಪರಿಸ್ಥಿತಿ ಬರೋದೂ ಇದರಿಂದಾನೇ.

ಅದಕ್ಕೇ ಅಂಗಡಿಗೆ ಹೋಗೋಕ್ ಮುಂಚೆ ಒಂದಿಷ್ಟು ಓದ್ಕೊಂಡೆ. ಬೈಕ್ ಓಡಿಸೋರ ಬೂಟಿಗೇ ಅಂತ ಯುರೋಪಿನವರ ಒಂದು ಸ್ಟ್ಯಾಂಡರ್ಡ್ ಇದೆ, ಇಎನ್ 13634. ಈಗ ಹೆಚ್ಚಾಗಿ ಸಿಗೋದು ಅದರ 2017ರ ಆವೃತ್ತಿ. ಪಾಸಾದ ಬೂಟಿನ ಒಳಗೆ, ನಾಲಿಗೆಯ ಹಿಂದೆಯೋ ಪಕ್ಕದಲ್ಲೋ, ಒಂದು ಸಣ್ಣ ಲೇಬಲ್ ಹೊಲಿದಿರ್ತಾರೆ. ಅದರಲ್ಲಿ ಯುರೋಪಿನ ನಿಯಮಕ್ಕೆ ಹೊಂದತ್ತೆ ಅನ್ನೋ ಸಿಇ ಗುರುತು, ಬೈಕ್ ಮೇಲೆ ಕೂತ ಮನುಷ್ಯನ ಚಿತ್ರ, ಕೆಳಗೆ ನಾಲ್ಕು ಅಂಕಿ. ಒಂದೊಂದೂ 1 ಇಲ್ಲಾ 2 ಇರತ್ತೆ. ಮೊದಲನೇದು ಬೂಟಿನ ಎತ್ತರ. ಎರಡನೇದು ರೋಡಿಗೆ ಉಜ್ಜಿದ್ರೆ ಎಷ್ಟು ತಡೆಯತ್ತೆ ಅನ್ನೋದು. ಮೂರನೇದು ಚೂಪಾದ್ದು ತಗುಲಿ ಸೀಳೋದಕ್ಕೆ. ನಾಲ್ಕನೇದು ಅಡ್ಡಡ್ಡ ಹಿಸುಕಿದ್ರೆ ಅಟ್ಟೆ ಎಷ್ಟು ಗಟ್ಟಿಯಾಗಿ ನಿಲ್ಲತ್ತೆ ಅಂತ, ಅಂದ್ರೆ ನಮ್ಮ ಸರ್‌ಗೆ ಆಯ್ತಲ್ಲ, ಕಾಲು ಬೈಕಿಗೂ ರೋಡಿಗೂ ಮಧ್ಯ ಸಿಕ್ಕೋದು, ಅಂಥದ್ರಲ್ಲಿ ಪಾದ ಜಜ್ಜಿ ಹೋಗದ ಹಾಗೆ ಕಾಯೋದು. ನಾಲ್ಕೂ 2 ಇದ್ರೆ ಅತ್ಯುತ್ತಮ. ಮೊದಲನೇ ಅಂಕಿ 1 ಇದ್ರೆ ಬೂಟು ಗಿಡ್ಡ ಅಂತ ಮಾತ್ರ ಅರ್ಥ, ಮಿಕ್ಕ ಮೂರೂ 2 ಇದ್ರೆ ಸಿಟಿ ಓಡಾಟಕ್ಕೆ ಅದು ಒಳ್ಳೆ ಬೂಟೇ. ಅಂಕಿಗಳ ಜೊತೆ ಕೆಲವಕ್ಕೆ ಅಕ್ಷರಗಳೂ ಇರತ್ವೆ. ಐಪಿಎ ಅಂದ್ರೆ ಹರಡಿಗೆ ಪೆಟ್ಟು ತಡೆಯೋ ಪ್ಯಾಡ್ ಟೆಸ್ಟ್ ಆಗಿದೆ ಅಂತ, ಐಪಿಎಸ್ ಅಂದ್ರೆ ಮೊಣಕಾಲಿನ ಕೆಳಗೆ ಮುಂಗಾಲಿಗೆ, ಡಬ್ಲ್ಯುಆರ್ ನೀರಿಗೆ, ಎಫ್‌ಒ ಅಂದ್ರೆ ಪೆಟ್ರೋಲು ಆಯಿಲು ಬಿದ್ರೂ ಅಟ್ಟೆ ಹಾಳಾಗಲ್ಲ ಅಂತ. ಇಷ್ಟನ್ನ ಒಂದು ಚೀಟೀಲಿ ಬರ್ಕೊಂಡು ಪರ್ಸಲ್ಲಿ ಇಟ್ಕೊಂಡೆ. ನೀವೂ ಇಟ್ಕೊಳ್ಳಿ, ಅಂಗಡೀಲಿ ಮಾತಿನ ಭರಾಟೇಲಿ ಮರೆತು ಹೋಗತ್ತೆ.

ಮೊದಲು ಹೋಗಿದ್ದು ಎಸ್‌ಪಿ ರೋಡ್ ಕಡೆಗೆ, ಯಾಕಂದ್ರೆ ನಮ್ಮ ಚಿಕ್ಕಪ್ಪ ಪೀಣ್ಯದ ಫ್ಯಾಕ್ಟರೀಲಿ ಕೆಲಸ ಮಾಡಿದೋರು, “ಸುಮ್ನೆ ಹತ್ತು ಸಾವಿರ ಯಾಕಮ್ಮ ಸುರೀತೀಯ, ಸ್ಟೀಲ್ ಟೋ ಸೇಫ್ಟಿ ಶೂ ತಗೋ, ಲಾರಿ ಹತ್ತಿದ್ರೂ ಏನಾಗಲ್ಲ” ಅಂತ ಒಂದೇ ಸಮ ಹೇಳ್ತಿದ್ರು. ಅವರ ಮಾತಲ್ಲೂ ಅರ್ಥ ಇದೆ. ನಮ್ಮ ದೇಶದ ಸ್ಟ್ಯಾಂಡರ್ಡ್ ಐಎಸ್ 15298 ಇರೋ ಸೇಫ್ಟಿ ಶೂನಲ್ಲಿ ಬೆರಳ ಮೇಲಿನ ಟೋಪಿ 200 ಜೂಲ್ ಪೆಟ್ಟಿಗೆ ಟೆಸ್ಟ್ ಆಗಿರತ್ತೆ, ಸಾವಿರದೈನೂರು ರೂಪಾಯಿ ಒಳಗೇ ಗಟ್ಟಿಮುಟ್ಟಾದ್ದು ಸಿಗತ್ತೆ. ಆದ್ರೆ ಅದು ಮೇಲಿಂದ ಏನಾದ್ರೂ ಬೀಳೋ ಜಾಗದಲ್ಲಿ ಕೆಲಸ ಮಾಡೋರಿಗೆ ಮಾಡಿದ್ದು. ರೋಡಲ್ಲಿ ಉಜ್ಕೊಂಡು ಹೋದ್ರೆ ಚರ್ಮ ಎಷ್ಟು ಹೊತ್ತು ತಡೆಯತ್ತೆ, ಹರಡಿಗೆ ಪಕ್ಕದಿಂದ ಪೆಟ್ಟು ಬಿದ್ರೆ ಏನಾಗತ್ತೆ, ಇದನ್ನ ಬೈಕ್ ಬೂಟಿಗೆ ನೋಡೋ ಹಾಗೆ ಅದಕ್ಕೆ ನೋಡಿರಲ್ಲ. ಅಂಗಡಿ ಹುಡುಗ 5ನೇ ನಂಬರ್ ಕೊಟ್ಟ, “ಲೇಡೀಸ್‌ಗೆ ಇದಕ್ಕಿಂತ ಸಣ್ಣದು ಬರಲ್ಲ ಅಕ್ಕ” ಅಂದ. ಹಾಕ್ಕೊಂಡು ಹೊರಗೆ ನಿಲ್ಲಿಸಿದ್ದ ಬೈಕ್ ಮೇಲೆ ಕೂತೆ, ಮುಂಭಾಗ ಎಷ್ಟು ದಪ್ಪ ಅಂದ್ರೆ ಗೇರ್ ಲಿವರ್ ಅಡಿಗೆ ಕಾಲು ತೂರೋದೇ ಕಷ್ಟ, ಇಡೀ ಕಾಲನ್ನ ಫುಟ್‌ರೆಸ್ಟಿಂದ ಎತ್ತಿ ಎತ್ತಿ ಗೇರ್ ಹಾಕ್ಬೇಕು. ಗೋರಗುಂಟೆಪಾಳ್ಯ ಸಿಗ್ನಲ್ಲಲ್ಲಿ ಹಾಗೆ ಮಾಡೋಕಾಗಲ್ಲ. ಬಜೆಟ್ ಇಲ್ಲವೇ ಇಲ್ಲ ಅನ್ನೋರು ಚಪ್ಪಲಿ ಬದಲು ಇದನ್ನ ಹಾಕ್ಕೊಂಡ್ರೆ ನಾನು ಖಂಡಿತ ಒಳ್ಳೇದೇ ಅಂತೀನಿ, ಹರಡು ಮುಚ್ಚೋ ಎತ್ತರದ್ದು ನೋಡಿ ತಗೊಳ್ಳಿ, ಬೆರಳ ಭಾಗ ತೆಳ್ಳಗಿರೋದು ಹುಡುಕಿ ಅಷ್ಟೆ.

ಅಲ್ಲಿಂದ ಜೆಸಿ ರೋಡ್. ಆಮೇಲೆ ಬೇರೆ ಬೇರೆ ಶನಿವಾರ ರಾಜಾಜಿನಗರ, ಇಂದಿರಾನಗರ, ಕೋರಮಂಗಲ ಕಡೆ ಇರೋ ರೈಡಿಂಗ್ ಗೇರ್ ಅಂಗಡಿಗಳು. ರೇಟು ಹೆಚ್ಚುಕಮ್ಮಿ ಹೀಗಿತ್ತು, ಇಲ್ಲಿಯ ಬ್ರ್ಯಾಂಡುಗಳ ಗಿಡ್ಡ ರೈಡಿಂಗ್ ಶೂ ಐದರಿಂದ ಎಂಟು ಸಾವಿರ, ಹರಡಿಂದ ಮೇಲೆ ಬರೋ ಬೂಟು ಎಂಟರಿಂದ ಹದಿನೈದು, ಹೊರದೇಶದ್ದು ಬೇಕಂದ್ರೆ ಇಪ್ಪತ್ತರ ಮೇಲೆ, ಅದಕ್ಕೆ ಮಿತಿನೇ ಇಲ್ಲ. ಈಗ ಎರಡೂವರೆ ಸಾವಿರದ ಒಳಗಿನ ಪಾದರಕ್ಷೆಗೆ ಮಾತ್ರ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲೆ ಹೋದ್ರೆ ಶೇ 18, ಹಾಗಾಗಿ ಅಂಗಡಿಯೋರು ಹೇಳೋ ರೇಟಲ್ಲಿ ಟ್ಯಾಕ್ಸ್ ಸೇರಿದ್ಯಾ ಇಲ್ವಾ ಮೊದಲೇ ಕೇಳಿ. “ಬಿಲ್ ಇಲ್ದೆ ತಗೊಂಡ್ರೆ ಕಮ್ಮಿ ಮಾಡ್ಕೊಡ್ತೀನಿ” ಅಂತ ಒಂದು ಕಡೆ ಅಂದ್ರು, ಬೇಡ ಅಂದೆ. ಜಿಪ್ ಕಿತ್ತು ಹೋದ್ರೆ, ಅಟ್ಟೆ ಬಿಟ್ಕೊಂಡ್ರೆ ವಾರಂಟಿ ಕೇಳೋಕೆ ಆ ಬಿಲ್ಲೇ ಬೇಕು.

ಎಲ್ಲಾ ಕಡೆ ಒಂದೇ ಮಾತು, “40 ಇದೆ ಮೇಡಂ, ಎರಡು ಇನ್ಸೋಲ್ ಹಾಕ್ಕೊಳ್ಳಿ, ದಪ್ಪ ಸಾಕ್ಸ್ ಹಾಕ್ಕೊಳ್ಳಿ, ಆಗತ್ತೆ.” ಇಲ್ಲಿ ಸ್ವಲ್ಪ ನಿಂತು ವಿವರವಾಗಿ ಹೇಳ್ತೀನಿ, ಯಾಕಂದ್ರೆ ನನ್ನ ಪ್ರಕಾರ ಇಡೀ ಕಥೇಲಿ ಮುಖ್ಯವಾದ ವಿಷಯ ಇದು. ಒಂದು ಅಂಗಡೀಲಿ 40ರ ಬೂಟಿಗೆ ಅವರು ಹೇಳಿದ ಹಾಗೇ ಎರಡು ಇನ್ಸೋಲ್ ಹಾಕಿ ತೊಟ್ಟೆ, ಬೆಲ್ಟು ಬಿಗಿ ಮಾಡ್ದೆ. ನಿಂತಾಗ ಸರಿ ಅನ್ನಿಸ್ತು. ನಡೆದಾಗ ಒಳಗೆ ಹಿಮ್ಮಡಿ ಒಂದು ಬೆರಳಷ್ಟು ಮೇಲೇಳ್ತಿತ್ತು. ಆಮೇಲೆ ಕೂತ್ಕೊಂಡು ಹೊರಗಿಂದ ಬೆರಳಿಟ್ಟು ಒತ್ತಿ ನೋಡ್ದೆ, ಹರಡಿನ ಮೂಳೆ ಎಲ್ಲಿದೆ, ಅದನ್ನ ಕಾಯೋಕೆ ಬೂಟೊಳಗೆ ಇರೋ ಗಟ್ಟಿ ಬಟ್ಟಲು ಎಲ್ಲಿದೆ ಅಂತ. ಎರಡಕ್ಕೂ ಸಂಬಂಧನೇ ಇಲ್ಲ. ಉದ್ದ ಜಾಸ್ತಿ ಆಗಿದ್ರಿಂದ ಬಟ್ಟಲು ಹಿಂದಕ್ಕೆ ಹೋಗಿತ್ತು, ಇನ್ಸೋಲ್ ಮೇಲೆ ನಿಂತಿದ್ರಿಂದ ನನ್ನ ಮೂಳೆ ಮೇಲಕ್ಕೆ ಬಂದಿತ್ತು, ಬಟ್ಟಲಿನ ಅಂಚು ಸರಿಯಾಗಿ ಮೂಳೆಯ ಕೆಳಗೇ ಕೂತಿತ್ತು. ಪೆಟ್ಟು ಬಿದ್ರೆ ಆ ಅಂಚೇ ಚುಚ್ಚತ್ತೆ. ಲೇಬಲ್ ಮೇಲೆ ನಾಲ್ಕೂ 2 ಇದ್ದ ಬೂಟು ಅದು, ನನ್ನ ಕಾಲಿಗೆ ಮಾತ್ರ ಪ್ರಯೋಜನ ಇಲ್ಲ. ಬಿದ್ದಾಗ ಸಡಿಲ ಬೂಟು ಕಾಲಿಂದ ಕಳಚಿ ಹೋಗೋ ಅಪಾಯ ಬೇರೆ. ಹಾಗಾಗಿ ದಯವಿಟ್ಟು ಇನ್ಸೋಲ್ ಮಾತಿಗೆ ಒಪ್ಕೋಬೇಡಿ. ತೆಳ್ಳಗಿನ ಒಂದು ಇನ್ಸೋಲ್ ಹಾಕಿ ಅರ್ಧ ಸೈಜು ಸರಿ ಮಾಡ್ಕೋಬಹುದು, ಮೂರು ಸೈಜು ಆಗಲ್ಲ.

ಇನ್ನೊಂದು ಕಡೆ ಹಳೇ ಸ್ಟಾಕು ಅರ್ಧ ಬೆಲೆಗೆ ಇತ್ತು, ಅದೂ 38. ಆಸೆ ಆಯ್ತು. ಪಕ್ಕದಲ್ಲಿದ್ದ ಒಬ್ಬ ಹುಡುಗ, ಕಸ್ಟಮರ್ರೇ ಅವನೂ, “ಅಕ್ಕ, ಅಟ್ಟೆ ಒತ್ತಿ ನೋಡಿ” ಅಂದ. ಹೆಬ್ಬೆರಳಿಂದ ಅಟ್ಟೆಯ ಪಕ್ಕ ಒತ್ತಿದ್ರೆ ಪುಡಿ ಪುಡಿಯಾಗಿ ಉದುರ್ತು, ಬೆರಳಿಗೆ ಅಂಟ್ಕೊಳ್ತು. ಪಾಲಿಯುರೆಥೇನ್ ಅಟ್ಟೆ ಗಾಳಿಯಲ್ಲಿರೋ ತೇವಕ್ಕೆ ಒಳಗೊಳಗೇ ಹಾಳಾಗತ್ತೆ, ಹಾಕದೆ ಡಬ್ಬೀಲೇ ಇಟ್ಟಿದ್ರೂ ನಾಲ್ಕೈದು ವರ್ಷ ಆದ್ಮೇಲೆ ಹೀಗಾಗಬಹುದು. ಮೇಲೆ ಚರ್ಮ ಹೊಳೀತಾ ಇರತ್ತೆ, ಕೆಳಗೆ ಅಟ್ಟೆ ಸತ್ತಿರತ್ತೆ. ಡಿಸ್ಕೌಂಟ್ ಬೂಟಿಗೆ ಮೊದಲು ತಯಾರಾದ ತಿಂಗಳು ವರ್ಷ ನೋಡಿ, ಆಮೇಲೆ ಅಟ್ಟೆಯನ್ನ ಬಗ್ಗಿಸಿ, ಒತ್ತಿ. ಆ ಹುಡುಗನ ಹೆಸರೂ ಕೇಳ್ಲಿಲ್ಲ ನಾನು, ಅವನಿಗೆ ಪುಣ್ಯ ಬರ್ಲಿ.

ಹೀಗೇ ಸುತ್ತಿ ಸುತ್ತಿ ಒಂದು ಶನಿವಾರ ಮನೆಗೆ ಬಂದು ಅತ್ತೇ ಬಿಟ್ಟೆ. ಸುಸ್ತು ಒಂದು ಕಡೆ, ಇಷ್ಟು ದೊಡ್ಡ ಊರಲ್ಲಿ ನನ್ನ ಕಾಲಿಗೆ ಅಂತ ಯಾರೂ ಒಂದು ಬೂಟು ತರಿಸಿ ಇಡಲ್ವಲ್ಲ ಅನ್ನೋ ಬೇಜಾರು ಇನ್ನೊಂದು ಕಡೆ. “ಗಂಡಸರ ವಸ್ತು ಮೇಡಂ ಇದು” ಅಂತ ಒಬ್ರು ಸೀದಾ ಹೇಳಿದ್ದು ಮನಸ್ಸಲ್ಲೇ ಕೂತಿತ್ತು. ಬೈಕ್ ಬಿದ್ರೆ ಅದು ಗಂಡಸರ ಕಾಲು ಹೆಂಗಸರ ಕಾಲು ಅಂತ ನೋಡತ್ತಾ.

ಆಮೇಲೆ ಆನ್‌ಲೈನ್. ಹೊರಗಿನ ಕಂಪನಿಗಳು ಹೆಂಗಸರಿಗೇ ಅಂತ ಬೇರೆ ಅಚ್ಚಲ್ಲಿ ಬೂಟು ಮಾಡ್ತಾರೆ, ಆಲ್ಪೈನ್‌ಸ್ಟಾರ್ಸ್‌ನವರ ಸ್ಟೆಲ್ಲಾ ಹಾಗಿರೋದೇ, ಟಿಸಿಎಕ್ಸ್, ಫಾರ್ಮಾದವರಲ್ಲೂ ಇವೆ. ಹಿಮ್ಮಡಿ ಕಿರಿದು, ಮೀನಖಂಡದ ಹತ್ರ ಅಗಲ. ಇಂಥದ್ದು ತರಿಸಿಕೊಡ್ತೀವಿ ಅಂತ ಹಾಕಿದ್ದ ಒಂದು ಸೈಟಲ್ಲಿ 37 ಆರ್ಡರ್ ಮಾಡಿ ಪೂರ್ತಿ ದುಡ್ಡು ಕಟ್ಟಿದೆ. ಹತ್ತು ದಿನ ಅಂದೋರು ತಿಂಗಳು ದಾಟಿಸಿದ್ರು. ಕೊನೆಗೆ ಬಂದ ಡಬ್ಬಿ ಮೇಲೆ 37 ಅಂತಿದೆ, ಒಳಗಿರೋದು 39. ಡಬ್ಬಿ ಬಿಚ್ಚೋದನ್ನ ತಮ್ಮ ಮೊಬೈಲಲ್ಲಿ ವಿಡಿಯೋ ಮಾಡಿದ್ದ, ಅದೇ ಕಾಪಾಡಿದ್ದು. ವಾಪಸ್ ತಗೊಂಡ್ರು, ಆದ್ರೆ ದುಡ್ಡು ಮಾತ್ರ ಇವತ್ತು ನಾಳೆ, ಇವತ್ತು ನಾಳೆ. ಫೋನ್ ಎತ್ತಲ್ಲ, ಎತ್ತಿದ್ರೆ ಅಕೌಂಟ್ಸ್‌ನವ್ರು ರಜೆ. ಹದಿನೆಂಟು ಸಾವಿರ ಅಂದ್ರೆ ನಂಗೆ ಸಣ್ಣ ಮೊತ್ತ ಅಲ್ಲ, ರಾತ್ರಿ ನಿದ್ದೆ ಬರ್ತಿರ್ಲಿಲ್ಲ.

ಇಂಥದ್ರಲ್ಲಿ ಸಿಕ್ಕಿಹಾಕ್ಕೊಂಡೋರು ಇದನ್ನ ಗಮನಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರೋರು ದೂರು ಕೇಳೋ ಅಧಿಕಾರಿಯ ಹೆಸರು, ಫೋನು ಸೈಟಲ್ಲಿ ಹಾಕಿರ್ಬೇಕು, ದೂರು ಬಂತು ಅಂತ 48 ಗಂಟೆ ಒಳಗೆ ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಫೋನಲ್ಲಿ ಜಗಳ ಆಡೋದು ಬಿಟ್ಟು ಇದನ್ನ ಉಲ್ಲೇಖ ಮಾಡಿ ಈಮೇಲ್ ಹಾಕಿದೆ, ಆರ್ಡರ್ ನಂಬರ್, ಪಾವತಿಯ ಸ್ಕ್ರೀನ್‌ಶಾಟ್, ವಿಡಿಯೋ, ಕೊರಿಯರ್‌ನವರು ವಾಪಸ್ ತಗೊಂಡ ರಸೀದಿ ಎಲ್ಲಾ ಸೇರಿಸಿ. ಅದಕ್ಕೂ ಉತ್ತರ ಬರದೇ ಇದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ದೆ. ದೂರಿಗೆ ಒಂದು ನಂಬರ್ ಕೊಟ್ರು, ಕಂಪನಿಗೆ ಅವರೇ ಕಳಿಸಿದ್ರು. ಅಷ್ಟು ದಿನ ರಜೆಯಲ್ಲಿದ್ದ ಅಕೌಂಟ್ಸ್‌ನವ್ರು ಆಮೇಲೆ ಬೇಗನೇ ದುಡ್ಡು ಹಾಕಿದ್ರು, ಕೊರಿಯರ್ ಖರ್ಚು ಹಿಡ್ಕೊಂಡು. ಅದನ್ನೂ ಕೇಳೋ ಶಕ್ತಿ ನನ್ನಲ್ಲಿ ಉಳಿದಿರ್ಲಿಲ್ಲ, ಬಿಟ್ಟೆ.

ಬೂಟು ಸಿಕ್ಕಿದ್ದು ನಿಜವಾಗಿ ಒಂದು ಸಣ್ಣ ಅಂಗಡೀಲಿ, ಇಲ್ಲೇ ಪಶ್ಚಿಮದ ಕಡೆ. ಅಲ್ಲಿದ್ದ ಹಿರಿಯರು ಮೊದಲ ಸಲ ನನ್ನ ಪಾದಾನ ಅಳೆದೋರು. ಬಿಳಿ ಹಾಳೆ ನೆಲಕ್ಕೆ ಹಾಕಿ “ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಂತ್ಕೊಳ್ಳಮ್ಮ” ಅಂದ್ರು, ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದ್ರು, ಹಿಮ್ಮಡಿಯಿಂದ ಉದ್ದದ ಬೆರಳಿನ ತನಕ ಸ್ಕೇಲ್ ಇಟ್ರು. ಎಡಗಾಲು 23 ಸೆಂಟಿಮೀಟರ್, ಬಲಗಾಲು ಅದಕ್ಕಿಂತ ಮೂರು ಮಿಲಿಮೀಟರ್ ಜಾಸ್ತಿ. ದೊಡ್ಡ ಕಾಲಿಗೆ ತಗೋಬೇಕು ಅಂದ್ರು. ಸೈಜಿನ ಗೊಂದಲಾನೂ ಅವರೇ ಬಿಡಿಸಿದ್ರು. ಯುಕೆ ಲೆಕ್ಕದಲ್ಲಿ ಒಂದು ನಂಬರ್ ಅಂದ್ರೆ ಸುಮಾರು ಎಂಟೂವರೆ ಮಿಲಿಮೀಟರ್, ಇಯು ಲೆಕ್ಕದಲ್ಲಿ ಆರೂಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ, ಎರಡೂ ಸರಿಯಾಗಿ ಹೊಂದ್ಕೊಳ್ಳಲ್ಲ, ಹಾಗಾಗಿ ಯಾವ ಕಂಪನಿ ಆದ್ರೂ ಸೆಂಟಿಮೀಟರ್ ಚಾರ್ಟ್ ಕೇಳಿ, ನಂಬರ್ ನಂಬಬೇಡಿ. ಕಾಲು ಸಂಜೆ ಹೊತ್ತಿಗೆ ಸ್ವಲ್ಪ ಊದಿರತ್ತೆ, ಅದಕ್ಕೇ ಸಂಜೆ ಹೋಗಿ, ಹಾಕೋ ಸಾಕ್ಸನ್ನೇ ತಗೊಂಡ್ ಹೋಗಿ.

ಅವರ ಹತ್ರ 37 ಇರ್ಲಿಲ್ಲ, ಮೂರು ಸಾವಿರ ಅಡ್ವಾನ್ಸ್ ಇಸ್ಕೊಂಡು ಎರಡು ಬೇರೆ ಬೇರೆ ಮಾಡೆಲ್ ತರಿಸ್ತೀನಿ, ಆಗದಿದ್ರೆ ಅಡ್ವಾನ್ಸ್ ವಾಪಸ್ ಅಂತ ಬಿಲ್ ಪುಸ್ತಕದಲ್ಲೇ ಬರೆದು ಸಹಿ ಹಾಕಿ ಕೊಟ್ರು. ಆ ಬರಹ ಕೇಳಿ ಪಡೀರಿ, ಬಾಯಿಮಾತಿಗೆ ಬಿಡ್ಬೇಡಿ. ಹೇಳಿದ ವಾರಕ್ಕಿಂತ ತಡ ಆಯ್ತು, ಆದ್ರೆ ಪ್ರತಿ ಸಲ ಅವರೇ ಫೋನ್ ಮಾಡಿ ಹೇಳ್ತಿದ್ರು, ಅದೊಂದೇ ಸಮಾಧಾನ.

ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ವಿ. ನೀವು ಅಂಗಡೀಲಿ ಮಾಡ್ಬೇಕಾದ್ದು ಇದೇ. ಒಂದು ಕೈಲಿ ತುದಿ, ಇನ್ನೊಂದು ಕೈಲಿ ಹಿಮ್ಮಡಿ ಹಿಡಿದು ಬಟ್ಟೆ ಹಿಂಡೋ ಹಾಗೆ ತಿರುಚಿ, ಬೂಟು ಸುಲಭಕ್ಕೆ ತಿರುಚ್ಕೋಬಾರದು. ಅಟ್ಟೆಯ ಅಗಲವಾದ ಭಾಗಾನ ಎರಡೂ ಪಕ್ಕದಿಂದ ಅದುಮಿ, ಅದು ಮಡಚ್ಕೋಬಾರದು. ಹಿಮ್ಮಡಿ ಹಿಂದೆ ಹೆಬ್ಬೆರಳಿಂದ ಒತ್ತಿದ್ರೆ ಗಟ್ಟಿ ಇರ್ಬೇಕು. ಲೇಸ್ ಇದ್ರೆ ಅದನ್ನ ಮುಚ್ಚೋ ಪಟ್ಟಿನೋ ಒಳಗೆ ಸಿಕ್ಕಿಸೋ ಜಾಗಾನೋ ಇರ್ಲೇಬೇಕು, ಸಿಗ್ನಲ್ಲಲ್ಲಿ ಕಾಲು ಊರೋಕೆ ಹೋದಾಗ ಲೇಸು ಗೇರ್ ಲಿವರಿಗೋ ಫುಟ್‌ರೆಸ್ಟಿಗೋ ಸಿಕ್ಕೊಂಡ್ರೆ ನಿಂತಲ್ಲೇ ಬೀಳ್ತೀರ. ಮೊದಲನೇದು ಚೆನ್ನಾಗೇ ಕಾಣ್ತಿತ್ತು, “ಸಿಇ ಸರ್ಟಿಫೈಡ್” ಅಂತ ಡಬ್ಬಿ ಮೇಲೆ ದೊಡ್ಡದಾಗಿ ಇತ್ತು, ಮೊಬೈಲ್ ಟಾರ್ಚ್ ಹಾಕಿ ಒಳಗೆಲ್ಲಾ ಹುಡುಕಿದ್ರೂ ಆ ನಾಲ್ಕು ಅಂಕಿಯ ಲೇಬಲ್ ಇಲ್ಲ. ಕೇಳಿದ್ರೆ ಹರಡಿನ ಪ್ಯಾಡಿಗೆ ಮಾತ್ರ ಸರ್ಟಿಫಿಕೇಟ್ ಅಂತೆ. ಪ್ಯಾಡು ಟೆಸ್ಟ್ ಆದ್ರೆ ಬೂಟು ಟೆಸ್ಟ್ ಆದ ಹಾಗಲ್ಲ, ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ. ಎರಡನೇದರಲ್ಲಿ 1 2 2 2, ಜೊತೆಗೆ ಐಪಿಎ, ಡಬ್ಲ್ಯುಆರ್. ಹಾಕ್ಕೊಂಡೆ. ಬೆರಳ ಮುಂದೆ ಸ್ವಲ್ಪ ಜಾಗ, ಹಿಮ್ಮಡಿ ಅಲ್ಲಾಡ್ಲಿಲ್ಲ, ಹರಡಿನ ಮೂಳೆ ಬಟ್ಟಲಿನ ಮಧ್ಯಕ್ಕೇ ಬಂದು ಕೂತ್ಕೊಳ್ತು. ಅಂಗಡೀಲೇ ಕಣ್ಣಲ್ಲಿ ನೀರು ಬಂತು ನಂಗೆ. ಹಿರಿಯರು ನಕ್ಕು, “ಮೊದಲು ಗಾಡಿ ಮೇಲೆ ಕೂತ್ಕೊಂಡು ನೋಡಮ್ಮ, ಆಮೇಲೆ ದುಡ್ಡು ಕೊಡು” ಅಂದ್ರು.

ಇದು ಎತ್ತರ ಕಮ್ಮಿ ಇರೋರಿಗೆ ಮುಖ್ಯ. ನಾನು ಐದಡಿ ಒಂದಿಂಚು, ಹಂಟರ್ ಸೀಟು 790 ಮಿಲಿಮೀಟರ್, ಚಪ್ಪಟೆ ಶೂನಲ್ಲಿ ಬೆರಳ ತುದಿ ಮಾತ್ರ ಊರ್ತಿತ್ತು. ಬೂಟಿನ ದಪ್ಪ ಅಟ್ಟೆಯಿಂದ ಪಾದದ ಮುಂಭಾಗ ಪೂರ್ತಿ ನೆಲಕ್ಕೆ ಬಂತು. ಬೈಕ್ ಮೈಸೂರು ಕಡೆ ತಗೊಂಡು ಹೋಗೋರಿಗೆ ಗೊತ್ತಿರತ್ತೆ, 2023ರ ಆಗಸ್ಟಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೇಲಿ ಟೂ ವೀಲರ್ ಬಿಡಲ್ಲ, ಸರ್ವಿಸ್ ರೋಡಲ್ಲೇ ಹೋಗ್ಬೇಕು, ಅಲ್ಲಿ ಜಲ್ಲಿ, ಮರಳು, ಹಂಪು, ಹೆಜ್ಜೆ ಹೆಜ್ಜೆಗೂ ಕಾಲು ಊರೋ ಕೆಲಸ. ಅಟ್ಟೆ ನೆಲ ಹಿಡೀಲಿಲ್ಲ ಅಂದ್ರೆ ಬೈಕ್ ಸಮೇತ ವಾಲೋದೇ.

ಬಿಲ್ಲು ಟ್ಯಾಕ್ಸ್ ಸೇರಿ ಹದಿನಾಲ್ಕು ಸಾವಿರದ ಇನ್ನೂರು. ಉದ್ದ ಸಾಕ್ಸ್ ಎರಡು ಜೊತೆ ಒಂಬೈನೂರು, ಬರೀ ಹತ್ತಿಯದ್ದು ಬೇಡ, ಬೆವರು ಹಿಡ್ಕೊಂಡು ಚರ್ಮ ಉಜ್ಜತ್ತೆ. ಯಾವ ಬ್ರ್ಯಾಂಡು ಅಂತ ಬೇಕಂತಲೇ ಹೇಳ್ತಿಲ್ಲ, ನನ್ನ ಪಾದಕ್ಕೆ ಕೂತಿದ್ದು ನಿಮ್ಮ ಪಾದಕ್ಕೆ ಕೂರಬೇಕು ಅಂತಿಲ್ಲ. ಹೆಸರು ಕೇಳಿ ಆರ್ಡರ್ ಮಾಡಿ ನೀವು ಕಷ್ಟಪಡೋದು ಬೇಡ.

ಮನೆಗೆ ತಂದ ಮೇಲೂ ಕೆಲಸ ಇದೆ. ಮೊದಲ ವಾರ ಸಂಜೆ ಮನೆ ಒಳಗೇ ಹಾಕ್ಕೊಂಡು ಓಡಾಡಿದೆ, ಅಟ್ಟೆ ಕೊಳೆ ಆಗದೇ ಇದ್ರೆ ಬದಲಾಯಿಸೋಕೆ ಅವಕಾಶ ಇರ್ಲಿ ಅಂತ. ಅಮ್ಮ ದೇವರ ಮನೆ ಕಡೆ ಬರ್ಬೇಡ ಕಣೇ ಅಂತ ಗದರಿದ್ರು, ಹಾಲಲ್ಲಿ ಮಾತ್ರ ಸುತ್ತಿದೆ. ಕಿರುಬೆರಳ ಪಕ್ಕ ಎರಡು ದಿನ ನೋವು, ಆಮೇಲೆ ಮೆತ್ತಗಾಯ್ತು. ನೋವು ವಾರ ಆದ್ರೂ ಒಂದೇ ಜಾಗದಲ್ಲಿ ಇದ್ರೆ ಸೈಜು ಸರಿ ಇಲ್ಲ ಅಂತಾನೇ ತಿಳ್ಕೊಳ್ಳಿ. ಗೇರ್ ಲಿವರ್ ಎತ್ತರಾನೂ ಬದಲಾಯಿಸ್ಬೇಕು, ಮೂಡಲಪಾಳ್ಯದ ನಮ್ಮ ಮೆಕ್ಯಾನಿಕ್ ಅಣ್ಣ ಐದು ನಿಮಿಷದಲ್ಲಿ ಒಂದು ಚೂರು ಮೇಲೆತ್ತಿ ಕೊಟ್ರು, ದುಡ್ಡೂ ತಗೊಳ್ಲಿಲ್ಲ. ಹಿಂದಿನ ಬ್ರೇಕ್ ಪೆಡಲ್ ಕೂಡ ನೋಡಿಸಿ, ದಪ್ಪ ಅಟ್ಟೇಲಿ ಕಾಲು ಸುಮ್ನೆ ಇಟ್ಟಿದ್ರೂ ಬ್ರೇಕ್ ಒತ್ತಿರತ್ತೆ, ಗೊತ್ತಾಗಲ್ಲ. ಹೊಸ ಬೂಟಲ್ಲಿ ಸೀದಾ ಟ್ರಾಫಿಕ್ಕಿಗೆ ಇಳೀಬೇಡಿ, ಭಾನುವಾರ ಬೆಳಗ್ಗೆ ಖಾಲಿ ರೋಡಲ್ಲಿ ಗೇರು ಬ್ರೇಕು ಕಾಲಿಗೆ ಅಭ್ಯಾಸ ಆಗೋ ತನಕ ಓಡಿಸಿ.

ಮೊದಲ ಜೋರು ಮಳೆ ಹೆಬ್ಬಾಳದಲ್ಲಿ ಸಿಕ್ತು. ಬೂಟಿನ ಚರ್ಮದಿಂದ ಒಂದು ಹನಿ ಒಳಗೆ ಬರ್ಲಿಲ್ಲ, ಪ್ಯಾಂಟಿಂದ ಇಳಿದ ನೀರು ಮೇಲಿನ ಬಾಯಿಂದ ಒಳಗೆ ಹೋಯ್ತು. ವಾಟರ್‌ಪ್ರೂಫ್ ಬೂಟಲ್ಲಿ ನೀರು ಒಳಗೆ ಹೋದ್ರೆ ಹೊರಗೂ ಬರಲ್ಲ. ರೈನ್ ಪ್ಯಾಂಟ್ ಬೂಟಿನ ಮೇಲಿಂದ ಇಳಿಬಿಡಬೇಕು, ಬೂಟೊಳಗೆ ತುರುಕಬಾರದು. ಒಣಗಿಸೋಕೆ ಇನ್ಸೋಲ್ ತೆಗೆದು ನ್ಯೂಸ್ ಪೇಪರ್ ಉಂಡೆ ಮಾಡಿ ತುಂಬಿ, ಎರಡು ಗಂಟೆಗೊಮ್ಮೆ ಬದಲಾಯಿಸಿ, ಫ್ಯಾನ್ ಗಾಳಿ ಸಾಕು. ಬಿಸಿಲಿಗೆ, ಹೇರ್ ಡ್ರೈಯರಿಗೆ ಒಡ್ಡಿದ್ರೆ ಚರ್ಮ ಬಿರಿಯತ್ತೆ, ಅಂಟು ಬಿಡತ್ತೆ.

ಕೆಲಸದ ಜಾಗದಲ್ಲಿ ಇಡೀ ದಿನ ಇದನ್ನ ಹಾಕ್ಕೊಂಡಿರೋಕೆ ಆಗಲ್ಲ, ನಾನು ಸ್ಟಾಫ್ ರೂಮ್ ಬೀರುವಲ್ಲಿ ಒಂದು ಜೊತೆ ಚಪ್ಪಲಿ ಇಟ್ಟಿದೀನಿ. ಯಾರ ಮನೆಗಾದ್ರೂ ಹೋದ್ರೆ, ದೇವಸ್ಥಾನಕ್ಕೆ ಹೋದ್ರೆ ಬಾಗಿಲಲ್ಲೇ ಬಿಚ್ಬೇಕಲ್ಲ, ಅದಕ್ಕೆ ಪಕ್ಕದಲ್ಲಿ ಜಿಪ್ ಇರೋದೇ ಆರಿಸ್ಕೊಳ್ಳಿ, ಬರೀ ಲೇಸಿಂದಾದ್ರೆ ಬಿಚ್ಚಿ ಕಟ್ಟೋ ಬೇಜಾರಿಗೇ ಒಂದು ದಿನ ಮನೇಲಿ ಬಿಟ್ಟು ಹೋಗ್ತೀರ.

ಆಸ್ಪತ್ರೆಯಿಂದ ಬಂದ ಸರ್ ಈಗ ಊರುಗೋಲು ಬಿಟ್ಟಿದಾರೆ, ಮತ್ತೆ ಬೈಕ್ ಹತ್ತೋಕ್ ಮುಂಚೆ ಬೂಟು ತಗೋಬೇಕು ಅಂತ ಅದೇ ಅಂಗಡಿಗೆ ಜೊತೇಲಿ ಕರ್ಕೊಂಡು ಹೋಗೋಕೆ ಹೇಳಿದಾರೆ. ಪ್ಲೇಟ್ ಇರೋ ಕಡೆ ಹರಡು ಇನ್ನೂ ಸ್ವಲ್ಪ ದಪ್ಪ ಇದೆ, ಡಾಕ್ಟ್ರನ್ನ ಕೇಳಿ, ಊತ ಇಳಿದ ಮೇಲೇ ಅಳತೆ ಕೊಡೋಣ ಅಂದಿದೀನಿ. 36, 37, 38 ಬೇಕಾದೋರು ನಿಮ್ಮ ಹತ್ರದ ಅಂಗಡೀಲಿ ಇಲ್ಲ ಅಂದ್ರೆ ಸುಮ್ನೆ ವಾಪಸ್ ಬರ್ಬೇಡಿ, ಪಾದದ ಸೆಂಟಿಮೀಟರ್ ಮತ್ತು ಫೋನ್ ನಂಬರ್ ಅವರ ಪುಸ್ತಕದಲ್ಲಿ ಬರೆಸಿ ಬನ್ನಿ. ನಾಲ್ಕು ಜನ ಬರೆಸಿದ್ರೆ ಒಂದು ಜೊತೆ ತರಿಸಿಡೋಕೆ ಅವರಿಗೂ ಧೈರ್ಯ ಬರತ್ತೆ, ನನಗೆ ತರಿಸಿಕೊಟ್ಟ ಹಿರಿಯರೇ ಹೇಳಿದ್ದು ಇದು, ನನ್ನ ಹಿಂದೆ ಅವರ ಪುಸ್ತಕದಲ್ಲಿ ಆಗಲೇ ಇನ್ನಿಬ್ಬರು ಹೆಂಗಸರ ಅಳತೆ ಇತ್ತು.